ಕೋವಿಗಿಂತ ಮೊದಲು ಗುರಿ

ಏರ್ ಗನ್ನಿನ ಮೊದಲ ಪರಿಚಯ ಬಹಳಷ್ಟು ಕನ್ನಡಿಗರಿಗೆ ಆಗುವುದು ಜಾತ್ರೆಯಲ್ಲಿ. ಹಲಗೆಗೆ ಸಾಲಾಗಿ ಕಟ್ಟಿದ ಬಣ್ಣದ ಬಲೂನು, ಮುಂದೊಂದು ಮೇಜು, ಅದರ ಮೇಲೆ ಮರದ ಹಿಡಿ ಸವೆದು ನುಣುಪಾದ ಎರಡು ಬಂದೂಕು. ಅಂಗಡಿಯವನು ನಳಿಗೆಯನ್ನು ಹಿಡಿದು ಕೆಳಕ್ಕೆ ಮಡಚುತ್ತಾನೆ. ಒಳಗಿನ ಸ್ಪ್ರಿಂಗು ಹಿಂದಕ್ಕೆ ಒತ್ತಿಕೊಂಡು ಕಟ್ ಎಂದು ಕಚ್ಚಿ ನಿಲ್ಲುತ್ತದೆ. ತೆರೆದ ನಳಿಗೆಯ ಬಾಯಿಗೆ ಸೀಸದ ಪುಟ್ಟ ಪೆಲೆಟ್ಟನ್ನು ಹೆಬ್ಬೆರಳಲ್ಲಿ ಒತ್ತಿ, ನಳಿಗೆಯನ್ನು ಮತ್ತೆ ನೆಟ್ಟಗೆ ಮಾಡಿ, ಕಾದು ನಿಂತ ಹುಡುಗನ ಕೈಗೆ ಕೊಡುತ್ತಾನೆ.

ಈ ಬಂದೂಕುಗಳ ಸೈಟು ನೆಟ್ಟಗಿರುವುದು ಅಪರೂಪ. ಊರೂರು ಸುತ್ತಿ, ಕೈಯಿಂದ ಕೈಗೆ ದಾಟಿ, ನಳಿಗೆಯ ತುದಿಯ ಸೈಟು ಒಂದು ಪಕ್ಕಕ್ಕೆ ವಾಲಿರುತ್ತದೆ. ಜಾಣನಾದವನು ಮೊದಲ ಗುಂಡು ಎಲ್ಲಿಗೆ ಹೋಯಿತೆಂದು ನೋಡಿಕೊಂಡು, ಅಷ್ಟೇ ಅಳತೆಗೆ ಎದುರು ದಿಕ್ಕಿನಲ್ಲಿ ಗುರಿಯಿಟ್ಟು, ಎರಡನೆಯದಕ್ಕೆ ಬಲೂನು ಒಡೆಯುತ್ತಾನೆ. ಪ್ರತಿಸಲವೂ ಒಂದೇ ಜಾಗಕ್ಕೆ ಹೊಡೆಯುವ ಬಂದೂಕು ಸೊಟ್ಟಗಿದ್ದರೂ ಅದನ್ನು ನಂಬಬಹುದು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೋಗುವುದನ್ನು ಎಂಥ ಸೈಟು ಹಾಕಿದರೂ ಸರಿಮಾಡಲಾಗದು.

ಸ್ವಂತಕ್ಕೊಂದು ಏರ್ ರೈಫಲ್ ಬೇಕೆಂದು ಅಂಗಡಿಗೆ ಹೋದಾಗ ಮಾತ್ರ ಈ ಪಾಠ ಮರೆತುಹೋಗುತ್ತದೆ. "ಸಾರ್, ಇದರ ಸ್ಪೀಡ್ ಎಷ್ಟು?" ಎಂಬುದೇ ಮೊದಲ ಪ್ರಶ್ನೆ. ಉತ್ತರ ಡಬ್ಬಿಯ ಮೇಲೇ ದಪ್ಪಕ್ಷರದಲ್ಲಿರುತ್ತದೆ: ಸೆಕೆಂಡಿಗೆ 1,000 ಅಡಿ, 1,200 ಅಡಿ. ಈ ಅಂಕಿಯನ್ನು ಸ್ವಲ್ಪ ಬಿಡಿಸಿ ನೋಡಬೇಕು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಭಾರತದಲ್ಲಿ ಪರವಾನಗಿ ಇಲ್ಲದೆ ಇಟ್ಟುಕೊಳ್ಳಬಹುದಾದ ಏರ್ ರೈಫಲ್ಲಿನ ನಳಿಗೆಯ ಒಳವ್ಯಾಸ 0.177 ಇಂಚು, ಅಂದರೆ 4.5 ಮಿಲಿಮೀಟರ್ ಮೀರಬಾರದು. ನಳಿಗೆಯಿಂದ ಹೊರಡುವ ಪೆಲೆಟ್ಟಿನ ಶಕ್ತಿ 20 ಜೌಲ್ ದಾಟಬಾರದು. 0.54 ಗ್ರಾಂ ತೂಗುವ ಸಾಮಾನ್ಯ ಸೀಸದ ಪೆಲೆಟ್ಟು 20 ಜೌಲ್ ಶಕ್ತಿಯಲ್ಲಿ ಹೊರಟರೆ ಅದರ ವೇಗ ಸೆಕೆಂಡಿಗೆ ಸುಮಾರು 890 ಅಡಿ. ಅದೇ ಪೆಲೆಟ್ಟು 1,200 ಅಡಿ ವೇಗದಲ್ಲಿ ಹೋಗಬೇಕಾದರೆ 36 ಜೌಲ್ ಬೇಕು. ಡಬ್ಬಿಯ ಮೇಲಿನ ದೊಡ್ಡ ಅಂಕಿ ಸಾಮಾನ್ಯವಾಗಿ ಸೀಸವಲ್ಲದ, ತೀರಾ ಹಗುರವಾದ ಮಿಶ್ರಲೋಹದ ಪೆಲೆಟ್ಟು ಹಾಕಿ ಅಳೆದದ್ದು. ಸೀಸದ ಪೆಲೆಟ್ಟಿನಲ್ಲೇ ಅಷ್ಟು ವೇಗ ಬರುತ್ತದೆಂದು ಯಾರಾದರೂ ಹೇಳಿದರೆ, ಅದು ಪರವಾನಗಿ ಬೇಕಾದ ಬಂದೂಕು ಎಂದು ತಿಳಿಯಬೇಕು.

ವೇಗ ಹೆಚ್ಚಾದಷ್ಟೂ ಗುರಿ ಕೆಡುವ ಸಂಭವವೂ ಇದೆ. ಏರ್ ರೈಫಲ್ಲಿನ ಪೆಲೆಟ್ಟಿಗೆ ಮುಂದೆ ಗಟ್ಟಿಯಾದ ತಲೆ, ನಡುವೆ ಕಿರಿದಾದ ಸೊಂಟ, ಹಿಂದೆ ಟೊಳ್ಳಾದ ಲಂಗ. ಶಬ್ದದ ವೇಗದ, ಅಂದರೆ ಸೆಕೆಂಡಿಗೆ ಸುಮಾರು 343 ಮೀಟರ್‌ನ ಹತ್ತಿರ ಹೋದಾಗ ಈ ಆಕಾರ ಗಾಳಿಯಲ್ಲಿ ಓಲಾಡತೊಡಗುತ್ತದೆ. ಒಲಿಂಪಿಕ್ಸ್‌ನಲ್ಲಿ ಬಳಸುವ ರೈಫಲ್ಲುಗಳು ಪೆಲೆಟ್ಟನ್ನು ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಷ್ಟೇ ಕಳಿಸುತ್ತವೆ. ಶಬ್ದದ ವೇಗದ ಅರ್ಧ. ಜಗತ್ತಿನ ಅತ್ಯಂತ ನಿಖರ ಏರ್ ರೈಫಲ್ಲುಗಳು ನಿಧಾನದವು ಎಂಬುದನ್ನು ಕೊಳ್ಳುವವರು ಮೊದಲು ಮನಸ್ಸಿಗೆ ತಂದುಕೊಂಡರೆ ಅರ್ಧ ಗೊಂದಲ ಅಲ್ಲೇ ಪರಿಹಾರವಾಗುತ್ತದೆ.

ಎರಡನೆಯ ಪ್ರಶ್ನೆ, "ಶಿಕಾರಿಗೆ ಆಗುತ್ತಾ?"

ಭಾರತದಲ್ಲಿ ಇದಕ್ಕೆ ಇರುವುದು ಒಂದೇ ಉತ್ತರ: ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 9ನೇ ಕಲಮು ಬೇಟೆಯನ್ನು ನಿಷೇಧಿಸಿದೆ. ಕೊಲ್ಲುವುದಷ್ಟೇ ಅಪರಾಧವಲ್ಲ. ಗಾಯಗೊಳಿಸುವುದು, ಹಿಡಿಯುವುದು, ಅಟ್ಟಿಸಿಕೊಂಡು ಹೋಗುವುದು, ಅದಕ್ಕಾಗಿ ಪ್ರಯತ್ನಿಸುವುದು ಎಲ್ಲವನ್ನೂ ಕಾಯಿದೆ ಬೇಟೆಯೆಂದೇ ಎಣಿಸುತ್ತದೆ. ಮನೆಯ ಹಿತ್ತಿಲಿಗೆ ಬರುವ ಗಿಳಿ, ಮೈನಾ, ಗದ್ದೆಯ ಬೆಳ್ಳಕ್ಕಿ, ಬೇಲಿಯ ಮೊಲ ಇವೆಲ್ಲ ಕಾಯಿದೆಯ ರಕ್ಷಣೆಯೊಳಗೇ ಇವೆ. ಏರ್ ಗನ್ನಿಗೆ ಪರವಾನಗಿ ಬೇಡ ಎಂಬುದನ್ನು ಹಕ್ಕಿ ಹೊಡೆಯಲು ಅನುಮತಿ ಎಂದು ತಿಳಿದುಕೊಂಡವರು ಹಳ್ಳಿಯಲ್ಲೂ ಇದ್ದಾರೆ, ಪೇಟೆಯಲ್ಲೂ ಇದ್ದಾರೆ.

ಮಲೆನಾಡಿನ ತೋಟದವರ ಕಷ್ಟ ಬೇರೆಯದು. ಎಳನೀರು, ಬಾಳೆ, ಏಲಕ್ಕಿ ಯಾವುದನ್ನೂ ಬಿಡದ ಮಂಗಗಳ ಹಿಂಡು ಬೆಳೆಗೆ ಬಿದ್ದಾಗ ಮನೆಯ ಮೂಲೆಯಲ್ಲಿದ್ದ ಏರ್ ಗನ್ ಕೈಗೆ ಬರುತ್ತದೆ. ಹೆದರಿಸಲಷ್ಟೇ ಎಂದು ಹೊಡೆದದ್ದು ಚರ್ಮ ಸೀಳಿ ಒಳಗೆ ಕೂರುತ್ತದೆ. ಕಣ್ಣಿಗೆ ಬಿದ್ದರೆ ಕಣ್ಣು ಹೋಯಿತು. ಹೊಟ್ಟೆಗೆ ಬಿದ್ದರೆ ಗಾಯ ಕೀವಾಗಿ, ಪ್ರಾಣಿ ಎಲ್ಲೋ ಮರದ ಮೇಲೆ ದಿನಗಟ್ಟಲೆ ನರಳಿ ಸಾಯುತ್ತದೆ. ಆ ಹಿಂಡು ಮಾತ್ರ ಮಾರನೆಯ ದಿನ ಮತ್ತೆ ತೋಟದಲ್ಲಿ ಹಾಜರು. ಬೆಳೆ ಕಳೆದುಕೊಂಡವರ ಸಿಟ್ಟು ನ್ಯಾಯವಾದದ್ದೇ. ಆದರೆ ಈ ಸಲಕರಣೆ ಆ ಕೆಲಸಕ್ಕೆ ಕಾನೂನಿನಿಂದಲೂ ಸಲ್ಲದು, ಸಾಮರ್ಥ್ಯದಿಂದಲೂ ಸಲ್ಲದು.

ಅರುಣಾಚಲ ಪ್ರದೇಶದಲ್ಲಿ ಮನೆಮನೆಯ ಏರ್ ಗನ್ನೇ ಕಾಡನ್ನು ಬರಿದುಮಾಡತೊಡಗಿತ್ತು. 2021ರ ಮಾರ್ಚ್‌ನಲ್ಲಿ ಅಲ್ಲಿನ ಸರ್ಕಾರ ಪೂರ್ವ ಕಾಮೆಂಗ್ ಜಿಲ್ಲೆಯ ಲುಮ್ದುಂಗ್ ಎಂಬ ಹಳ್ಳಿಯಿಂದ ಏರ್ ಗನ್ ಒಪ್ಪಿಸುವ ಅಭಿಯಾನ ಶುರುಮಾಡಿತು. ಜನ ತಾವಾಗಿಯೇ ತಂದು ಕೊಟ್ಟರು. ಮುಂದಿನ ದಿನಗಳಲ್ಲಿ ರಾಜ್ಯದಾದ್ಯಂತ ಹೀಗೆ ಬಂದ ಬಂದೂಕುಗಳ ಸಂಖ್ಯೆ ಎರಡು ಸಾವಿರ ದಾಟಿತು. ತಲೆಮಾರುಗಳಿಂದ ಬೇಟೆಯನ್ನೇ ಬದುಕಿನ ಭಾಗ ಮಾಡಿಕೊಂಡಿದ್ದ ಸಮುದಾಯಗಳು ಇಷ್ಟು ದೊಡ್ಡ ಮನಸ್ಸು ಮಾಡಿದ್ದು ದೇಶದ ಉಳಿದ ಭಾಗಕ್ಕೆ ಇನ್ನೂ ಸರಿಯಾಗಿ ಕೇಳಿಸಿಲ್ಲ.

ಏರ್ ಗನ್ನಿನಿಂದ ಬಿದ್ದ ಒಂದು ಹಕ್ಕಿ ಮಾತ್ರ ಚರಿತ್ರೆಗೆ ಸೇರಿದೆ. 1908ರಲ್ಲಿ ಮುಂಬಯಿಯ ಹುಡುಗನೊಬ್ಬ ತನ್ನ ಆಟಿಕೆ ಏರ್ ಗನ್ನಿನಿಂದ ಗುಬ್ಬಿಯಂಥದೊಂದು ಹಕ್ಕಿ ಹೊಡೆದ. ಅದರ ಕೊರಳಲ್ಲಿ ಹಳದಿ ಮಚ್ಚೆ ಇತ್ತು. ಇದೆಂಥ ಹಕ್ಕಿ ಎಂಬ ಪ್ರಶ್ನೆಗೆ ಮನೆಯಲ್ಲಿ ಉತ್ತರ ಸಿಗದೆ, ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಹುಡುಗನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಡಬ್ಲ್ಯು.ಎಸ್. ಮಿಲಾರ್ಡ್ ಅವರ ಬಳಿಗೆ ಕಳಿಸಿದರು. ಮಿಲಾರ್ಡ್ ಹಕ್ಕಿಯ ಹೆಸರು ಹೇಳಿದ್ದಲ್ಲದೆ, ಸೊಸೈಟಿಯ ಸಂಗ್ರಹದಲ್ಲಿದ್ದ ನೂರಾರು ಹಕ್ಕಿಗಳನ್ನು ತೋರಿಸಿದರು. ಆ ಹುಡುಗನೇ ಪಕ್ಷಿತಜ್ಞ ಸಲೀಂ ಅಲಿ. ಮುಂದೆ 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದವರೂ ಅವರೇ. ಹಕ್ಕಿಯನ್ನು ಹತ್ತಿರದಿಂದ ನೋಡಲು ಆ ಕಾಲಕ್ಕೆ ಬಂದೂಕಿನ ಹೊರತು ಹೆಚ್ಚು ದಾರಿಗಳಿರಲಿಲ್ಲ. ಈಗ ಒಂದು ಸಾಧಾರಣ ಏರ್ ಗನ್ನಿನ ಬೆಲೆಗೆ ಒಳ್ಳೆಯ ಬೈನಾಕ್ಯುಲರ್ ಸಿಗುತ್ತದೆ. ಹಕ್ಕಿಯ ಮೇಲೆ ಆಸೆಯಿರುವ ಮಗುವಿಗೆ ಕೊಡಿಸಬೇಕಾದದ್ದು ಅದನ್ನೇ.

ಶಿಕಾರಿಗೆ ಏರ್ ರೈಫಲ್ ಆರಿಸುವ ಮಾತು ಅದಕ್ಕೆ ಕಾನೂನಿನ ಒಪ್ಪಿಗೆಯಿರುವ ನಾಡುಗಳದು. ಇಂಗ್ಲೆಂಡಿನಲ್ಲಿ 12 ಅಡಿ-ಪೌಂಡ್, ಅಂದರೆ ಸುಮಾರು 16 ಜೌಲ್ ಒಳಗಿನ ಏರ್ ರೈಫಲ್ಲಿಗೆ ಪರವಾನಗಿ ಬೇಡ. ಜಮೀನಿನ ಒಡೆಯನ ಒಪ್ಪಿಗೆ ಪಡೆದು ಬೆಳೆ ತಿನ್ನುವ ಮೊಲ, ಇಲಿ, ಬೂದು ಅಳಿಲುಗಳನ್ನು ಹೊಡೆಯುವ ರೂಢಿ ಅಲ್ಲಿದೆ. ಸ್ಕಾಟ್ಲೆಂಡಿನ ಗಡಿ ದಾಟಿದರೆ ಮಾತ್ರ ಇದೇ ರೈಫಲ್ಲಿಗೆ 2016ರ ಕೊನೆಯಿಂದ ಪೊಲೀಸರ ಪ್ರಮಾಣಪತ್ರ ಕಡ್ಡಾಯ. ಅಲ್ಲಿ ನೆಲೆಸಿರುವ ನಮ್ಮವರು ಗಮನಿಸಬೇಕಾದ ವ್ಯತ್ಯಾಸ ಇದು. ಇಂಗ್ಲಿಷ್ ಬೇಟೆಗಾರರಲ್ಲಿ 0.177 ಮತ್ತು 0.22 ಇಂಚಿನ ನಳಿಗೆಗಳ ನಡುವಿನ ವಾದ ಬಹಳ ಹಳೆಯದು. ಒಂದೇ 12 ಅಡಿ-ಪೌಂಡ್ ಶಕ್ತಿಯಲ್ಲಿ ಚಿಕ್ಕ ಪೆಲೆಟ್ಟು ಸೆಕೆಂಡಿಗೆ 800 ಅಡಿ ವೇಗದಲ್ಲಿ ಹೋದರೆ, ಒಂದು ಗ್ರಾಂ ತೂಗುವ ದೊಡ್ಡದು ಸುಮಾರು 590 ಅಡಿಯಲ್ಲಿ ಹೋಗುತ್ತದೆ. ಚಿಕ್ಕದರ ಹಾದಿ ನೇರ, ದೂರದ ಅಂದಾಜು ತುಸು ತಪ್ಪಿದರೂ ನಡೆಯುತ್ತದೆ. ದೊಡ್ಡದು ಬಾಗಿ ಇಳಿಯುತ್ತದೆ, ಆದರೆ ತಾಗಿದಾಗ ಪೆಟ್ಟು ಜೋರು. ಎರಡೂ ಪಕ್ಷದ ಅನುಭವಿಗಳು ಒಪ್ಪುವ ಮಾತೊಂದಿದೆ: ಒಂದಿಂಚು ಅಗಲದ ಜಾಗಕ್ಕೆ ಪ್ರತಿ ಗುಂಡನ್ನೂ ತಪ್ಪದೆ ಹಾಕಲಾಗುವ ದೂರ ಎಷ್ಟೋ, ಅವರವರ ಶಿಕಾರಿಯ ದೂರ ಅಷ್ಟೇ. ಅನೇಕರಿಗೆ ಅದು 30 ಮೀಟರ್ ಕೂಡ ಮುಟ್ಟುವುದಿಲ್ಲ.

ಜೀವ ತೆಗೆಯದೆ ಶಿಕಾರಿಯ ಕೌಶಲವನ್ನೆಲ್ಲ ಉಳಿಸಿಕೊಂಡ ಆಟವೂ ಇಂಗ್ಲೆಂಡಿನದೇ. 1980ರಲ್ಲಿ ಸಸೆಕ್ಸ್‌ನ ಮ್ಯಾಗಮ್ ಡೌನ್‌ನಲ್ಲಿ ಶುರುವಾದ ಫೀಲ್ಡ್ ಟಾರ್ಗೆಟ್ ಸ್ಪರ್ಧೆಯಲ್ಲಿ ಮೊಲ, ಕಾಗೆ, ಅಳಿಲುಗಳ ಆಕಾರಕ್ಕೆ ಕತ್ತರಿಸಿದ ಲೋಹದ ತಗಡುಗಳನ್ನು ಪೊದೆ, ಮರಗಳ ನಡುವೆ ಬೇರೆ ಬೇರೆ ದೂರದಲ್ಲಿ ನಿಲ್ಲಿಸುತ್ತಾರೆ. ತಗಡಿನಲ್ಲೊಂದು ಸಣ್ಣ ರಂಧ್ರ. ಪೆಲೆಟ್ಟು ಅದರೊಳಗೆ ಹೊಕ್ಕು ಹಿಂದಿನ ಫಲಕಕ್ಕೆ ಬಡಿದರೆ ಮಾತ್ರ ಆಕೃತಿ ಉರುಳುತ್ತದೆ. ದೂರ ಎಷ್ಟೆಂದು ಯಾರೂ ಹೇಳುವುದಿಲ್ಲ. ದೂರ, ಗಾಳಿ, ಇಳಿಜಾರು ಎಲ್ಲವನ್ನೂ ಆಟಗಾರನೇ ಅಂದಾಜು ಮಾಡಬೇಕು. ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯವನ್ನು ಹಬ್ಬದ ಸಡಗರದಲ್ಲಿ ನಡೆಸಿಕೊಂಡು ಬಂದಿರುವ ಕೊಡಗಿನಲ್ಲಿ ಇಂಥದ್ದೊಂದು ಮೈದಾನ ಎಷ್ಟು ಚೆನ್ನಾಗಿ ಒಗ್ಗೀತು!

ಭಾರತದಲ್ಲಿ ಏರ್ ರೈಫಲ್ಲಿನ ನಿಜವಾದ ಮನೆ ಹತ್ತು ಮೀಟರ್ ರೇಂಜು. ಅಲ್ಲಿನ ಗುರಿಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಅಂಗೈಯಗಲದ ಕಾಗದ, ನಡುವೆ 30.5 ಮಿಲಿಮೀಟರ್ ವ್ಯಾಸದ ಕಪ್ಪು ವೃತ್ತ, ಅದರ ನಟ್ಟನಡುವೆ ಒಂದು ಚುಕ್ಕೆ. ಹತ್ತು ಅಂಕದ ಆ ಚುಕ್ಕೆಯ ವ್ಯಾಸ ಅರ್ಧ ಮಿಲಿಮೀಟರ್. ಪೆಲೆಟ್ಟಿನ ಅಗಲ ಅದರ ಒಂಬತ್ತು ಪಟ್ಟು. ಹತ್ತು ಮೀಟರ್ ದೂರದಿಂದ ಚುಕ್ಕೆ ಕಾಣುವುದೇ ಇಲ್ಲ. ಮುಂದಿನ ಸೈಟಿನ ಉಂಗುರದೊಳಗೆ ಕಪ್ಪು ವೃತ್ತವನ್ನು ಸುತ್ತಲೂ ಸಮನಾಗಿ ಕೂರಿಸಿ, ಕಾಣದ್ದನ್ನು ಹೊಡೆಯಬೇಕು. ಅರ್ಹತಾ ಸುತ್ತಿನಲ್ಲಿ ಒಂದೂಕಾಲು ಗಂಟೆಯೊಳಗೆ 60 ಸಲ. 2008ರ ಆಗಸ್ಟ್ 11ರಂದು ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಅರ್ಹತಾ ಸುತ್ತಿನಲ್ಲಿ 600ಕ್ಕೆ 596 ಗಳಿಸಿ ನಾಲ್ಕನೆಯವರಾಗಿದ್ದರು. ಅಂತಿಮ ಸುತ್ತಿಗೆ ಮುಂಚಿನ ಪರೀಕ್ಷಾ ಗುಂಡು ಗುರಿಯಿಂದ ಎಲ್ಲೋ ದೂರ ಬಿತ್ತು. ಸೈಟು ಕದಲಿತ್ತು. ಉಳಿದ ಕೆಲವೇ ಕ್ಷಣಗಳಲ್ಲಿ ಅದನ್ನು ಸರಿಪಡಿಸಿಕೊಂಡು ಹೊಡೆದ ಹತ್ತು ಗುಂಡುಗಳಲ್ಲಿ ಒಂದೂ ಹತ್ತರ ಕೆಳಗಿಳಿಯಲಿಲ್ಲ, ಕೊನೆಯದು 10.8. ಒಟ್ಟು 700.5. ಭಾರತಕ್ಕೆ ವೈಯಕ್ತಿಕ ವಿಭಾಗದ ಮೊದಲ ಒಲಿಂಪಿಕ್ ಚಿನ್ನ ಬಂದದ್ದು ಹೀಗೆ, ಒಂದು ಏರ್ ರೈಫಲ್ಲಿನಿಂದ. 2023ರಲ್ಲಿ ಕೊರಿಯಾದ ಚಾಂಗ್ವಾನ್‌ನ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಬೆಂಗಳೂರಿನ ತಿಲೋತ್ತಮಾ ಸೇನ್ ಇದೇ ಸ್ಪರ್ಧೆಯಲ್ಲಿ ಬೆಳ್ಳಿ ಗೆದ್ದು ದೇಶಕ್ಕೆ ಒಲಿಂಪಿಕ್ ಕೋಟಾ ತಂದಾಗ ಅವರಿಗೆ 15 ವರ್ಷ.

ಇನ್ನು ಬಂದೂಕಿನ ಒಳಗಿನ ಮಾತು. ಅಗ್ಗವಾದದ್ದೂ ಹೆಚ್ಚು ಬಳಕೆಯಲ್ಲಿರುವುದೂ ಸ್ಪ್ರಿಂಗಿನ ರೈಫಲ್. ಕುದುರೆ, ಅಂದರೆ ಟ್ರಿಗರ್, ಎಳೆದಾಗ ಸ್ಪ್ರಿಂಗು ಬಿಚ್ಚಿ ಪಿಸ್ಟನ್ನನ್ನು ಮುಂದಕ್ಕೆ ತಳ್ಳುತ್ತದೆ, ಪಿಸ್ಟನ್ ಗಾಳಿಯನ್ನು ಒತ್ತುತ್ತದೆ, ಆ ಗಾಳಿ ಪೆಲೆಟ್ಟನ್ನು ನೂಕುತ್ತದೆ. ಈ ಗಡಿಬಿಡಿಯಲ್ಲಿ ಬಂದೂಕು ಮೊದಲು ಹಿಂದಕ್ಕೂ ಮರುಕ್ಷಣ ಮುಂದಕ್ಕೂ ಜಗ್ಗುತ್ತದೆ, ಪೆಲೆಟ್ಟು ಆಗಿನ್ನೂ ನಳಿಗೆಯೊಳಗೇ ಇರುತ್ತದೆ. ಆದ್ದರಿಂದ ಸ್ಪ್ರಿಂಗ್ ರೈಫಲ್ಲನ್ನು ಬಿಗಿಯಾಗಿ ಹಿಡಿದಷ್ಟೂ ಗುರಿ ಹಾಳು. ಮುಂದಿನ ಕೈಯನ್ನು ಬಿಚ್ಚಿ, ಅಂಗೈ ಮೇಲೆ ಮಲಗಿಸಿದ ಹಾಗೆ ಇಟ್ಟುಕೊಂಡು, ಅದರ ಜಗ್ಗಾಟ ಅದಕ್ಕೆ ಬಿಡಬೇಕು. ಪೆಲೆಟ್ಟು ಹಾಕದೆ ಸುಮ್ಮನೆ ಹೊಡೆದರೆ ಪಿಸ್ಟನ್ ತಡೆಯೇ ಇಲ್ಲದೆ ಸಿಲಿಂಡರಿನ ತುದಿಗೆ ಅಪ್ಪಳಿಸುತ್ತದೆ, ವಾಷರು, ಸ್ಪ್ರಿಂಗು ಎರಡೂ ಹಾಳಾಗುತ್ತವೆ. ಪೆಲೆಟ್ಟು ತುಂಬುವಾಗ ಮಡಚಿದ ನಳಿಗೆಯನ್ನು ಇನ್ನೊಂದು ಕೈ ಬಿಡಬಾರದು. ತಪ್ಪಿ ಬಿಟ್ಟುಕೊಂಡರೆ ಬೆರಳು ಜಜ್ಜಿಹೋಗುತ್ತದೆ. ಇಷ್ಟೆಲ್ಲ ಕಿರಿಕಿರಿ ಇದ್ದರೂ ಕಲಿಯುವವರಿಗೆ ಇದು ಒಳ್ಳೆಯ ಗುರು. ಸ್ಪ್ರಿಂಗ್ ರೈಫಲ್ಲಿನಲ್ಲಿ ಹತ್ತು ಮೀಟರಿಗೆ ಐದು ಗುಂಡು ಒಂದು ರೂಪಾಯಿ ನಾಣ್ಯದೊಳಗೆ ಹಾಕಬಲ್ಲವನ ಕೈ ಬೇರೆ ಯಾವ ರೈಫಲ್ಲಿನಲ್ಲೂ ಸೋಲುವುದಿಲ್ಲ.

ಸಿಲಿಂಡರಿನಲ್ಲಿ ಮೊದಲೇ ಗಾಳಿ ತುಂಬಿಟ್ಟ ಪಿಸಿಪಿ ರೈಫಲ್ಲಿಗೆ ಈ ಜಗ್ಗಾಟವಿಲ್ಲ. ಒಲಿಂಪಿಕ್ ರೈಫಲ್ಲುಗಳೆಲ್ಲ ಈಗ ಇದೇ ಜಾತಿ. 200 ಬಾರ್ ಒತ್ತಡದ ಗಾಳಿ, ಒಂದು ಸಲ ತುಂಬಿದರೆ ಒಂದು ಪೂರ್ತಿ ಪಂದ್ಯ ಮುಗಿಯುವಷ್ಟು ಹೊಡೆತ. ಹೊಸದೇನಲ್ಲ ಈ ಉಪಾಯ: 1780ರ ಹೊತ್ತಿಗೇ ಆಸ್ಟ್ರಿಯಾದ ಸೇನೆ ಗಿರಾರ್ಡೋನಿ ಎಂಬಾತ ರೂಪಿಸಿದ, ಹಿಡಿಯೊಳಗೆ ಗಾಳಿ ತುಂಬುವ ರೈಫಲ್ಲನ್ನು ಯುದ್ಧಕ್ಕೆ ತೆಗೆದುಕೊಂಡಿತ್ತು. ಪಿಸಿಪಿ ಕೊಳ್ಳುವವರು ಅದರ ಬೆಲೆಯ ಜೊತೆಗೆ ಪಂಪಿನ ಅಥವಾ ಟ್ಯಾಂಕಿನ ಬೆಲೆಯನ್ನೂ ಲೆಕ್ಕ ಹಾಕಬೇಕು. ಕರಾವಳಿಯಂಥ ಕಡೆ ಪಂಪಿನ ಮೂಲಕ ತೇವ ಒಳಸೇರಿ ತುಕ್ಕು ಹಿಡಿಯದಂತೆ ನೋಡಿಕೊಳ್ಳುವ ತಾಳ್ಮೆಯೂ ಬೇಕು.

ಮೈಗೆ ಒಗ್ಗದ ರೈಫಲ್ ಎಷ್ಟು ಬೆಲೆಯದಾದರೂ ವ್ಯರ್ಥ. ಹನ್ನೆರಡರ ಹುಡುಗಿಗೆ ದೊಡ್ಡವರ ಅಳತೆಯ ರೈಫಲ್ ಕೊಟ್ಟರೆ ಕೆನ್ನೆ ಹಿಡಿಯ ಮೇಲೆ ಕೂರುವುದಿಲ್ಲ, ಕತ್ತು ಮುಂದಕ್ಕೆ ಚಾಚುತ್ತದೆ, ಭಾರ ತಡೆಯಲು ಬೆನ್ನು ಹಿಂದಕ್ಕೆ ಬಾಗುತ್ತದೆ. ಕೆಲವೇ ತಿಂಗಳಲ್ಲಿ ಆ ನಿಲುವೇ ಅಭ್ಯಾಸವಾಗಿ ಬೆನ್ನುನೋವು ಶುರುವಾಗುತ್ತದೆ. ಹಿಡಿಯ ಉದ್ದ, ಕೆನ್ನೆಯ ಎತ್ತರ ಹೊಂದಿಸಲು ಬರುವ ರೈಫಲ್ಲನ್ನೇ ನೋಡಬೇಕು. ಕುದುರೆ ಎಲ್ಲಿ ಬಿಡುಗಡೆಯಾಗುತ್ತದೆಂದು ಬೆರಳಿಗೆ ಗೊತ್ತಾಗಬೇಕು. ಎಳೆದಷ್ಟೂ ಬರುತ್ತಲೇ ಇರುವ ಕುದುರೆಯಲ್ಲಿ ಗುರಿ ನಿಲ್ಲದು. ದುರ್ಬೀನು ಬೇಕೇ ಬೇಕೆಂದು ಹಟ ಹಿಡಿಯುವವರಿಗೊಂದು ಮಾತು: ದೊಡ್ಡ ಬಂದೂಕಿಗೆಂದು ಮಾಡಿದ ದುರ್ಬೀನು ಹತ್ತು ಮೀಟರಿನಲ್ಲಿ ಮಸುಕಾಗಿ ಕಾಣುತ್ತದೆ, ಸ್ಪ್ರಿಂಗಿನ ಎರಡು ದಿಕ್ಕಿನ ಜಗ್ಗಾಟಕ್ಕೆ ಒಳಗಿನ ಗಾಜು ಕಳಚುವುದೂ ಉಂಟು. ಹತ್ತು ಮೀಟರ್ ಪಂದ್ಯದಲ್ಲಂತೂ ದುರ್ಬೀನಿಗೆ ಅವಕಾಶವೇ ಇಲ್ಲ. ಶಾಲಾ ಮಟ್ಟದ ಸ್ಪರ್ಧೆಗಳಲ್ಲಿ ಓಪನ್ ಸೈಟ್, ಪೀಪ್ ಸೈಟ್ ಎಂದು ಪ್ರತ್ಯೇಕ ವಿಭಾಗಗಳಿರುವುದರಿಂದ ಯಾವುದರಲ್ಲಿ ಆಡಬೇಕೆಂದು ಮೊದಲೇ ಕೇಳಿಕೊಂಡು ಕೊಳ್ಳುವುದು ಕ್ಷೇಮ.

ಪೆಲೆಟ್ಟಿನ ವಿಷಯದಲ್ಲಿ ಜುಗ್ಗತನ ಮಾಡುವವರೇ ಹೆಚ್ಚು. ಹತ್ತು ಮೀಟರಿಗೆ ಚಪ್ಪಟೆ ತಲೆಯದು ಬೇಕು. ಕಾಗದದಲ್ಲಿ ಪಂಚ್ ಮಾಡಿದಂತೆ ದುಂಡನೆಯ ತೂತು ಬೀಳುತ್ತದೆ, ಅಂಕ ಎಣಿಸುವುದು ಸುಲಭ. 25 ಮೀಟರ್ ದಾಟಿದರೆ ದುಂಡು ತಲೆಯದೇ ಸರಿ. ಚೂಪು ಮೂತಿಯದು ನೋಡಲು ಭರ್ಜರಿ, ಗುರಿಗೆ ಸಾಮಾನ್ಯವಾಗಿ ಇವೆರಡಕ್ಕಿಂತ ಹಿಂದೆ. ಒಳ್ಳೆಯ ತಯಾರಕರು ತಲೆಯ ಅಳತೆಯನ್ನು 4.49, 4.50 ಎಂದು ಮಿಲಿಮೀಟರಿನ ನೂರರಲ್ಲೊಂದು ಪಾಲಿನವರೆಗೆ ಡಬ್ಬಿಯ ಮೇಲೆ ಬರೆದಿರುತ್ತಾರೆ. ಯಾವುದು ಯಾವ ನಳಿಗೆಗೆ ಒಪ್ಪುತ್ತದೆ ಎಂಬುದು ಹೊಡೆದು ನೋಡಿದಾಗಲೇ ಗೊತ್ತಾಗುವುದು. ಮೂರ್ನಾಲ್ಕು ಬಗೆಯ ಡಬ್ಬಿ ತಂದು, ರೈಫಲ್ಲನ್ನು ಮೆತ್ತೆಯ ಮೇಲಿಟ್ಟು, ಪ್ರತಿ ಬಗೆಯಲ್ಲೂ ಐದೈದು ಹೊಡೆದು ತೂತುಗಳ ಗುಂಪನ್ನು ಅಳೆಯುವ ಒಂದು ಭಾನುವಾರ ಯಾವ ಜಾಹೀರಾತಿಗಿಂತಲೂ ಹೆಚ್ಚು ಹೇಳುತ್ತದೆ. ಡಬ್ಬಿ ಕೆಳಗೆ ಬಿದ್ದರೆ ಪೆಲೆಟ್ಟಿನ ಲಂಗ ನಜ್ಜಾಗುತ್ತದೆ; ಅಂಥವನ್ನು ಬೇರೆ ತೆಗೆದಿಡಬೇಕು. ಸೀಸ ವಿಷ. ಪೆಲೆಟ್ಟನ್ನು ಬಾಯಲ್ಲಿ ಇಟ್ಟುಕೊಳ್ಳುವ ಅಭ್ಯಾಸ ಮಕ್ಕಳಿಗೆ ಬರಬಾರದು, ಅಭ್ಯಾಸ ಮುಗಿಸಿ ಸೋಪಿನಲ್ಲಿ ಕೈ ತೊಳೆಯದೆ ಊಟಕ್ಕೆ ಕೂರಬಾರದು.

ನಗರದ ತಾರಸಿ ಇದಕ್ಕೆ ತಕ್ಕ ಜಾಗವಲ್ಲ. ಗುರಿ ತಪ್ಪಿದ ಪೆಲೆಟ್ಟು ಮುನ್ನೂರು ಮೀಟರ್ ದಾಟಿ ಹೋಗಬಲ್ಲದು. ಕಲ್ಲಿನ ಗೋಡೆಗೆ ಬಡಿದರೆ ಹೊಡೆದವರ ಮುಖಕ್ಕೇ ಚಿಮ್ಮಬಹುದು. ಹಳ್ಳಿಯ ಮನೆಯಲ್ಲಾದರೂ ಗುರಿಯ ಹಿಂದೆ ಹಳೆಯ ಪತ್ರಿಕೆಗಳನ್ನು ಒತ್ತಾಗಿ ತುಂಬಿದ ಪೆಟ್ಟಿಗೆ, ಅದರ ಹಿಂದೆ ಮಣ್ಣಿನ ದಿಬ್ಬ, ಹೊಡೆಯುವವರಿಗೂ ನೋಡುವವರಿಗೂ ಕನ್ನಡಕ ಇರಲೇಬೇಕು. ಆಟಿಕೆ ಎಂಬ ಭಾವನೆಯೇ ಏರ್ ಗನ್ನಿನ ಅಪಘಾತಗಳಿಗೆ ಮೂಲ.

ಪಂದ್ಯಕ್ಕೆ ಇಳಿಯುವ ಮನಸ್ಸಿದ್ದವರು ಕೊಳ್ಳುವ ಅವಸರ ಮಾಡದೆ ಮೊದಲು ಯಾವುದಾದರೂ ರೈಫಲ್ ಕ್ಲಬ್ಬಿಗೆ ಹೋಗುವುದು ಒಳ್ಳೆಯದು. ಸಾಮಾನ್ಯವಾಗಿ ಕ್ಲಬ್ಬಿನ ರೈಫಲ್ಲೇ ಅಭ್ಯಾಸಕ್ಕೆ ಸಿಗುತ್ತದೆ. ಕೆಲವು ತಿಂಗಳು ನಿಂತು ಹೊಡೆದ ಮೇಲೆ ಹಿಡಿ ಎಷ್ಟುದ್ದ ಬೇಕು, ಭಾರ ಎಲ್ಲಿರಬೇಕು ಎಂದು ಮೈಯೇ ಹೇಳುತ್ತದೆ. ಜರ್ಮನಿಯ ವಾಲ್ಟರ್, ಫೈನ್‌ವೆರ್ಕ್‌ಬಾವ್ ಕಂಪನಿಗಳ ಹೊಸ ಪಂದ್ಯದ ರೈಫಲ್ ಎರಡು ಲಕ್ಷ ರೂಪಾಯಿ ದಾಟುವುದರಿಂದ ಅನೇಕ ಕುಟುಂಬಗಳು ಹಿರಿಯ ಆಟಗಾರರು ಬಳಸಿ ಬಿಟ್ಟದ್ದನ್ನು ಹುಡುಕುತ್ತವೆ. ಇಂಥ ರೈಫಲ್ಲಿನ ನಳಿಗೆ ದಶಕಗಟ್ಟಲೆ ಬಾಳುತ್ತದೆ, ಆ ಬಗ್ಗೆ ಚಿಂತೆ ಬೇಡ. ಗಾಳಿಯ ಸಿಲಿಂಡರಿಗೆ ಮಾತ್ರ ತಯಾರಕರು ಕೊಡುವ ಆಯುಸ್ಸು ಸಾಮಾನ್ಯವಾಗಿ ಹತ್ತು ವರ್ಷ. ಸಿಲಿಂಡರಿನ ಮೈಮೇಲೇ ತಯಾರಾದ ತಿಂಗಳು, ವರ್ಷ ಅಚ್ಚು ಹಾಕಿರುತ್ತಾರೆ. ಹತ್ತು ಮುಗಿದಿದ್ದರೆ ಹೊಸ ಸಿಲಿಂಡರಿನ ಬೆಲೆಯನ್ನು ಕಳೆದು, ಆಮೇಲೆ ಚೌಕಾಸಿಗೆ ಕೂರಬೇಕು.